ಸೇಡಂನಲ್ಲೊಂದು ಫ್ಯೂಷನ್ ಹೋಟೆಲು

ಗಿರಾಕಿ ನಗಿಸದ ದಿನ ಅಡುಗೆಯ ಉಸ್ತಾದ್ ನಗಿಸುತ್ತಾನೆ, ಉಸ್ತಾದ್ ರಜೆ ಹಾಕಿದ ದಿನ ನನ್ನ ತಮ್ಮನೇ ಆ ಕೆಲಸ ವಹಿಸಿಕೊಳ್ಳುತ್ತಾನೆ. ಹೀಗಾಗಿ ನಮ್ಮ ಹೋಟೆಲಿನಲ್ಲಿ ನಗುವಿಗೆ ವಾರದ ರಜೆ ಅನ್ನೋದೇ ಇಲ್ಲ.

ನಾನು ಅಂಗನವಾಡಿಯಲ್ಲಿ ಮಕ್ಕಳಿಗೆ ಊಟ ಮಾಡಿಸಿ ಮಾಡಿಸಿ ನಿವೃತ್ತಳಾದವಳು. ಉಣ್ಣಲು ಹಟ ಮಾಡುವವರ ಸಹವಾಸ ಇನ್ನು ಸಾಕು ಅಂದುಕೊಂಡಿದ್ದೆ. ಅಷ್ಟರಲ್ಲಿ ನನ್ನ ತಮ್ಮ ಸಿಮೆಂಟ್ ಫ್ಯಾಕ್ಟರಿಯ ಕ್ಯಾಂಟೀನ್ ಕೆಲಸ ಬಿಟ್ಟು ಸೇಡಂನಲ್ಲಿ ಹೋಟೆಲು ತೆರೆದ, ನನ್ನನ್ನು ತಂದು ಗಲ್ಲಾದ ಮುಂದೆ ಕೂಡಿಸಿದ. ಕ್ಯಾಂಟೀನಿನಲ್ಲಿ ಅವನು ರಾಜಸ್ಥಾನದವರಿಗೆ, ಬಿಹಾರದವರಿಗೆ, ಬಂಗಾಳದವರಿಗೆ, ತೆಲುಗಿನವರಿಗೆ ಅಡುಗೆ ಮಾಡಿಸಿದವನು. "ಅಕ್ಕಾ, ಈಗ ಎಲ್ಲಾ ಕಡಿ ಫ್ಯೂಷನ್ ನಡದದ. ಎರಡು ಊರಿನ ಅಡಗಿ ಕೂಡಿಸಿದ್ರ ಮೂರನೇದು ಒಂದು ರುಚಿ ಬರ್ತದ" ಅಂದ. ಬರದಿದ್ದರೆ ಏನು ಗತಿ ಅಂತ ನಾನು ಕೇಳಲಿಲ್ಲ. ನಮ್ಮ ಸೋದರಮಾವ ಕೇಳಿದ.

ಈ ಸೋದರಮಾವನೇ ತಮ್ಮನಿಗೆ ಮಗಳನ್ನು ಕೊಟ್ಟವನು. ಚಿಂಚೋಳಿ ತಾಲೂಕಿನ ಸುಲೇಪೇಟದಲ್ಲಿ ಅವನದು ದೊಡ್ಡ ಕಿರಾಣಿ ಅಂಗಡಿ, ಊರ ಹೊರಗೆ ತೊಗರಿ ಹೊಲ. ಗಂಡುಮಕ್ಕಳಿಲ್ಲ. ಅಳಿಯ ಬಂದು ಅಂಗಡಿಯಲ್ಲಿ ಕೂಡಲಿ ಅಂತ ಮದುವೆಯ ದಿನದಿಂದ ಕಾಯುತ್ತಿದ್ದ. "ಬರೋ ಎಳ್ಳ ಅಮಾಸಿ ತನಕಾ ನಡಸು. ಅವತ್ತ ಮಧ್ಯಾಹ್ನ ನಾ ಬಂದು ನೋಡ್ತೀನಿ. ಮಂದಿ ತುಂಬಿದ್ರ ಹೋಟೆಲ್ ನಿಂದು. ಇಲ್ಲಂದ್ರ ಸುಮ್ನ ಬಂದು ಅಂಗಡ್ಯಾಗ ಕುಂದರಬೇಕು ನೋಡು" ಅಂದ. ತಮ್ಮ ಕೈಮೇಲೆ ಕೈ ಹಾಕಿ ಒಪ್ಪಿದ. ಮಾವನ ಅಂಗಡಿಯಲ್ಲಿ ಕೂಡುವುದೆಂದರೆ ಬೆಳಗಿನಿಂದ ಸಂಜೆಯವರೆಗೆ ಬೇಳೆಯ ಮಾತು ಕೇಳುವುದು. ಬೇಳೆ ಬಿಟ್ಟು ಬೇರೆ ವಿಷಯ ಅವನು ಮಾತಾಡಿದ್ದನ್ನು ನಮ್ಮ ಅತ್ತೆಯೂ ಕೇಳಿಲ್ಲವಂತೆ.

ಅಜ್ಜನ ಶಿಫಾರಸು

ತಮ್ಮನ ಮೊದಲ ಸಾಹಸ ರೊಟ್ಟಿ ಪಿಜ್ಜಾ. ಕಡಕ್ ಜೋಳದ ರೊಟ್ಟಿ, ಅದರ ಮೇಲೆ ಬದನೆಕಾಯಿ ಪಲ್ಯ, ಅದರ ಮೇಲೆ ಕರಗಿದ ಚೀಸ್. ತಹಸೀಲ್ ಕಚೇರಿ ಕೆಲಸಕ್ಕೆ ಬಂದಿದ್ದ ಹಳ್ಳಿಯ ಅಜ್ಜನೊಬ್ಬ ಒಳಗೆ ಇಣುಕಿ "ರೊಟ್ಟಿ ಅದ ಏನ್ರಿ?" ಅಂದ. ತಮ್ಮ ಹಿಗ್ಗಿನಿಂದ ಇದನ್ನೇ ತಂದಿಟ್ಟ.

ಅಜ್ಜ ತಟ್ಟೆ ನೋಡಿದ, ನನ್ನನ್ನು ನೋಡಿದ. ಬೆರಳಿನಿಂದ ಪಲ್ಯ, ಚೀಸು ಎಲ್ಲ ಕೆರೆದು ತಟ್ಟೆಯ ಒಂದು ಬದಿಗೆ ಒಟ್ಟಿದ. ರೊಟ್ಟಿಯನ್ನು ಅಂಗೈಯಿಂದ ಒರೆಸಿ ಸ್ವಚ್ಛ ಮಾಡಿದ. ಆಮೇಲೆ ಅದನ್ನು ಮುರಿದು, ಪಕ್ಕದ ಪಲ್ಯ ಹಚ್ಚಿಕೊಂಡು ನೆಮ್ಮದಿಯಿಂದ ಉಂಡ. ಕೈತೊಳೆದು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಯವ್ವಾ, ಒಳಗ ರೊಟ್ಟಿ ಮಾಡೋ ಹೆಣಮಗಳಿಗಿ ಬೈಬ್ಯಾಡ್ರಿ. ಪಾಪ, ಅವಸರದಾಗ ಪಲ್ಯ ರೊಟ್ಟಿ ಮ್ಯಾಲೇ ಚೆಲ್ಲ್ಯಾಳ. ನಮ್ಮ ಸೊಸಿನೂ ಹಿಂಗೇ ಚೆಲ್ಲತಾಳ."

ಬೈಯೋದಿಲ್ಲ ಅಂದೆ. ಅವನಿಗೆ ನಂಬಿಕೆ ಬರಲಿಲ್ಲ. ಆ ಹೆಣ್ಣುಮಗಳಿಗೆ ತಾನೇ ಎರಡು ಧೈರ್ಯದ ಮಾತು ಹೇಳಿ ಹೋಗೋಣವೆಂದು ಅಡುಗೆಮನೆಯ ಬಾಗಿಲಿಗೆ ಹೋದ. ಒಳಗೆ ಎದೆವರೆಗೆ ಗಡ್ಡ ಬಿಟ್ಟ ನಮ್ಮ ಉಸ್ತಾದ್ ದೊಡ್ಡ ಚಾಕು ಹಿಡಿದು ಉಳ್ಳಾಗಡ್ಡಿ ಕೊಚ್ಚುತ್ತಿದ್ದ. ಅಜ್ಜ ಹಿಂದಕ್ಕೆ ಸರಿದು ನನ್ನ ಕಡೆ ತಿರುಗಿದ.

"ಇವರಿಗಿ ಬೈಯೋದಾ? ಧೈರ್ಯ ಇದ್ರ ಬೈರಿ ನೋಡೋಣು!"

ಎಲ್ಲರಿಗೂ ಒಪ್ಪಿಗೆ

ಸಿಮೆಂಟ್ ಫ್ಯಾಕ್ಟರಿಯ ಕಾಲೊನಿ ಆದಿತ್ಯನಗರದಿಂದ ಒಂದೇ ಶಿಫ್ಟಿನ ನಾಲ್ವರು ಗೆಳೆಯರು ಬಂದರು. ಒಬ್ಬ ರಾಜಸ್ಥಾನದವನು, ಒಬ್ಬ ಬಂಗಾಳದವನು, ಒಬ್ಬ ಬಿಹಾರದವನು, ಒಬ್ಬ ತಾಂಡೂರು ಕಡೆಯ ತೆಲುಗಿನವನು. ಇಡೀ ದೇಶವೇ ಒಂದು ಮೇಜಿಗೆ ಬಂದು ಕೂತಿದ್ದು ಕಂಡು ತಮ್ಮನಿಗೆ ಮೈಮೇಲೆ ಬಂದಂತಾಯಿತು. "ನಾಲ್ಕೂ ಮಂದಿಗಿ ಒಂದೇ ಥಾಲಿ ಮಾಡ್ತೀನ್ರಿ" ಅಂದುಬಿಟ್ಟ.

ರಾಜಸ್ಥಾನದವನು ಉಳ್ಳಾಗಡ್ಡಿ, ಬೆಳ್ಳುಳ್ಳಿ ಬೇಡ ಅಂದ, ಮೇಜಿನ ಮೇಲೆ ಮೀನು ಬಂದರೆ ಎದ್ದು ಹೋಗುತ್ತೇನೆ ಅಂದ. ತಮ್ಮ ಮೂರನ್ನೂ ತೆಗೆದ. ಬಿಹಾರದವನಿಗೆ ಹುಣಸೆಹುಳಿ ಆಗದು. ತೆಗೆದ. ಬಂಗಾಳದವನು ಇಷ್ಟು ಖಾರ ತಿಂದರೆ ನಾಳೆ ಡ್ಯೂಟಿಗೆ ಬರೋದಿಲ್ಲ ಅಂದ. ಮೆಣಸಿನಕಾಯಿ ತೆಗೆದ. ಹುಳಿ, ಖಾರ ಇಲ್ಲದ್ದು ಊಟವಲ್ಲ, ಔಷಧ ಅಂತ ತೆಲುಗಿನವನು ಸಾರನ್ನೇ ತೆಗೆಸಿದ. ಉಳಿದ ಬರೀ ಅನ್ನವನ್ನು ಜ್ವರ ಬಂದವರಿಗೆ ಕೊಡಿ ಅಂತ ರಾಜಸ್ಥಾನದವನು ವಾಪಸು ಕಳಿಸಿದ.

ಕೊನೆಗೆ ಥಾಲಿಯಲ್ಲಿ ನಾಲ್ವರೂ ಒಪ್ಪುವಂಥದ್ದು ಉಳಿದಿದ್ದು ಒಂದು ಲೋಟ ಬಿಸಿನೀರು. ಬಂಗಾಳದವನು ಅದನ್ನು ಮುಟ್ಟಿ ನೋಡಿ ಹೊಸದಾಗಿ ಕಲಿತ ಕನ್ನಡದಲ್ಲಿ ಕೇಳಿದ: "ತಣ್ಣಂದು ಸಿಗ್ತದ ಏನ್ರಿ?"

ಶಹಾಬಾದಿನ ಕಡ್ಡಿ

ಶಹಾಬಾದಿನಲ್ಲಿ ಒಂದು ನಿಶ್ಚಯ ಕಾರ್ಯದ ಅಡುಗೆ ನಮಗೆ ಸಿಕ್ಕಿತು. ಇದೊಂದು ಛಲೋ ಆದರೆ ಹತ್ತು ಮನೆಯವರು ಕರೆಯುತ್ತಾರೆ, ಮಾವನ ಬಾಯಿ ಮುಚ್ಚುತ್ತದೆ ಅಂತ ತಮ್ಮ ಕರಿ ಕೋಟು ಹಾಕಿಕೊಂಡೇ ಬಂದಿದ್ದ. ಊಟಕ್ಕೆ ಮುಂಚೆ ಸ್ಟಾರ್ಟರ್ ಕೊಡಬೇಕು, ಮಂದಿ ಅದನ್ನು ತಿನ್ನುತ್ತ ಅಡ್ಡಾಡುತ್ತ ಮಾತಾಡಬೇಕು ಅನ್ನೋದು ಅವನ ಯೋಜನೆ. ಅಡ್ಡಾಡುವವರು ಯಾರು? ತಮ್ಮ ಟ್ರೇ ಹಿಡಿದು ಹೊರಗೆ ಬರುವಷ್ಟರಲ್ಲಿ ಹಿರಿಯರೆಲ್ಲ ತಣ್ಣನೆ ಕಲ್ಲು ಹಾಸಿನ ಮೇಲೆ ಸಾಲಾಗಿ ಪಂಗತಿ ಕೂತಾಗಿತ್ತು.

ತಮ್ಮ ಒಬ್ಬೊಬ್ಬರಿಗೂ ಕಡ್ಡಿಗೆ ಚುಚ್ಚಿದ ಒಂದೊಂದು ಪನೀರ್ ತುಂಡು ಕೊಡುತ್ತ ಹೋದ. ಅವರು ಕಡ್ಡಿ ಕಿತ್ತು, ಅಂಗಿಯ ಕಿಸೆಯಲ್ಲಿ ಜೋಪಾನವಾಗಿ ಇಟ್ಟುಕೊಂಡು, ಪನೀರನ್ನು ಒಂದೇ ಗುಕ್ಕಿಗೆ ನುಂಗಿ ಸುಮ್ಮನೆ ಕೂತರು. ತಮ್ಮ ಒಳಗೆ ಓಡಿಬಂದು "ಅಕ್ಕಾ, ಒಂದೂ ಉಳೀಲಿಲ್ಲ, ಹಿಟ್ ಆತು" ಅಂತ ಕುಣಿದ. ನಾನು ಹೊರಗೆ ಇಣುಕಿದೆ. ಒಂದು ಪಿಸುಮಾತಿಲ್ಲ. ಪಂಗತಿಗೆ ಕೂತ ಮೇಲೆ ಅನ್ನ ಬರುವವರೆಗೆ ನಮ್ಮವರು ಎಲ್ಲಿ ಮಾತಾಡುತ್ತಾರೆ? ಅಷ್ಟೂ ಜನ ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದರು.

ಬಹಳ ಹೊತ್ತಾದ ಮೇಲೆ ವರನ ದೊಡ್ಡಪ್ಪ ಕಿಸೆಯಿಂದ ಕಡ್ಡಿ ತೆಗೆದು ತಮ್ಮನಿಗೆ ತೋರಿಸಿದರು.

"ತಮ್ಮಾ, ಹಲ್ಲಿಗಿ ಕಡ್ಡಿ ಮೊದಲೇ ಕೊಟ್ಟಿ, ಭಾಳ ಛಲೋ ಆತು. ಈಗ ಹಲ್ಲಾಗ ಸಿಕ್ಕೊಳ್ಳಲಿಕ್ಕ ಏನರ ಕೊಡು."

ತೂತಿನ ಶಾವಿಗೆ

ಉಸ್ತಾದ್ ಚಿತ್ತಾಪುರದವನು, ದಮ್ ಬಿರಿಯಾನಿಯಲ್ಲಿ ಪಳಗಿದ ಕೈ. ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಒಂದು ಹುಟ್ಟುಹಬ್ಬಕ್ಕೆ ಆರ್ಡರ್ ಬಂದಾಗ ತಮ್ಮ ಅವನಿಗೆ "ಪಾಸ್ತಾಕ್ಕೂ ದಮ್ ಕೊಡೋಣು ಉಸ್ತಾದ್. ಉಪ್ಪು, ಖಾರ ಕಡೀಕ ನಾ ಹಾಕ್ತೀನಿ" ಅಂದ. ಉಸ್ತಾದ್ ಕೊಳವೆಯಂಥ ಪಾಸ್ತಾವನ್ನು ಹಾಲು ಬೆಣ್ಣೆಯಲ್ಲಿ ಹಾಕಿ, ಮುಚ್ಚಳದ ಸುತ್ತ ಕಣಕದ ಹಿಟ್ಟು ಮೆತ್ತಿ, ಮೇಲೆ ಕೆಂಡ ಸುರಿದ.

ಸ್ವಲ್ಪ ಹೊತ್ತಿಗೇ ತಮ್ಮ ಸಾಕು, ತೆಗಿ ಅಂತ ಗೋಗರೆಯತೊಡಗಿದ. ಉಸ್ತಾದ್ ಜಗ್ಗಲಿಲ್ಲ. "ದಮ್ ಕಟ್ಟಿದ ಮ್ಯಾಲ ನಮ್ಮ ಅಬ್ಬಾ ಬಂದ್ರೂ ಮುಚ್ಚಳ ತೆಗಿಯಂಗಿಲ್ರಿ. ಇಜ್ಜತ್ ಪ್ರಶ್ನಿ ಅದ." ಅವನ ಲೆಕ್ಕದ ಹೊತ್ತಿಗೆ ಮುಚ್ಚಳ ತೆಗೆದಾಗ ಪಾಸ್ತಾ ಉಬ್ಬಿ, ಹಾಲೆಲ್ಲ ಹೀರಿ, ಗಿಣ್ಣಿನ ಹಾಗೆ ಗಟ್ಟಿಯಾಗಿ ಕೂತಿತ್ತು. ತಮ್ಮ ತಲೆ ಹಿಡಿದುಕೊಂಡು ಕೆಳಗೇ ಕೂತ. "ಮುಗೀತು ಅಕ್ಕಾ. ನಾ ಸುಲೇಪೇಟಕ್ಕ ಹೊಂಟೆ."

ಉಸ್ತಾದ್ ಇನ್ನಷ್ಟು ಹಾಲು ಸುರಿದ, ಸಕ್ಕರೆ ಸುರಿದ, ಏಲಕ್ಕಿ, ತುಪ್ಪದಲ್ಲಿ ಹುರಿದ ಗೋಡಂಬಿ ಹಾಕಿ ಕೈಯಾಡಿಸಿ ವಾಡಿಗೆ ಕಳಿಸಿಬಿಟ್ಟ. ಸಂಜೆ ಆ ಮನೆಯ ಅಜ್ಜಿಯ ಫೋನು ಬಂತು. ನಾನು ಬೈಗುಳಕ್ಕೆ ಸಿದ್ಧಳಾಗಿ ಎತ್ತಿದೆ.

"ಶಾವಿಗಿ ಪಾಯಸ ಭಾಳ ಛಲೋ ಇತ್ತು ನೋಡವ್ವಾ" ಅಂದಳು ಅಜ್ಜಿ. "ಆದ್ರ ಒಂದೊಂದು ಶಾವಿಗಿಗೂ ತೂತು ಕೊರೀಲಿಕ್ಕ ಎಷ್ಟು ಮಂದಿ ಹೆಣಮಕ್ಕಳಿಗಿ ಕುಂದರಸೀರಿ?"

ಎಳ್ಳ ಅಮಾವಾಸ್ಯೆಯ ಮಧ್ಯಾಹ್ನ

ಷರತ್ತಿನ ದಿನ ಬಂದೇ ಬಂತು. ತಮ್ಮ ನಸುಕಿನಲ್ಲೇ ಎದ್ದು ಕೊಪ್ಪರಿಗೆ ತುಂಬ ತರಕಾರಿ ನೂಡಲ್ಸ್ ಮಾಡಿಸಿ, ಕುರ್ಚಿಗಳನ್ನೆಲ್ಲ ತಾನೇ ಒರೆಸಿದ. ಮಧ್ಯಾಹ್ನವಾಯಿತು. ರಸ್ತೆಯಲ್ಲಿ ಒಂದು ನಾಯಿಯೂ ಇಲ್ಲ.

ಇರುವುದಾದರೂ ಹೇಗೆ? ನಮ್ಮ ಕಡೆ ಎಳ್ಳ ಅಮಾವಾಸ್ಯೆಯ ದಿನ ಊರಲ್ಲಿ ಯಾರೂ ಉಣ್ಣುವುದಿಲ್ಲ. ಹೊಲ ಇದ್ದವರು ತಮ್ಮ ಹೊಲಕ್ಕೆ, ಇಲ್ಲದವರು ಕರೆದವರ ಹೊಲಕ್ಕೆ ಹೋಗಿ, ಪೈರಿಗೆ ಚರಗ ಚೆಲ್ಲಿ, ಅಂದರೆ ಭೂತಾಯಿಗೆ ಮೊದಲ ತುತ್ತು ಕೊಟ್ಟು, ಅಲ್ಲೇ ಕೂತು ಉಣ್ಣುತ್ತಾರೆ. ಉಸ್ತಾದ್ ಕೂಡ ನೂಡಲ್ಸ್ ಇಳಿಸಿ, ಗೆಳೆಯನ ಹೊಲಕ್ಕೆ ಭಜ್ಜಿ ಉಣ್ಣಲು ಹೋಗಿಬಿಟ್ಟಿದ್ದ. ಹುಟ್ಟಿದಾಗಿನಿಂದ ನೋಡಿದ ಹಬ್ಬ ಇದು. ಆದರೆ ಹಟಕ್ಕೆ ಬಿದ್ದ ಅಳಿಯನಿಗೂ ನೆನಪಾಗಿರಲಿಲ್ಲ, ಷರತ್ತು ಹಾಕಿದ ಮಾವನಿಗೂ ಹೊಳೆದಿರಲಿಲ್ಲ. ಅಷ್ಟರಲ್ಲಿ ಮಾವನದೇ ಫೋನು: "ಏ, ನಾ ಹ್ಯಾಂಗ ಬರ್ಲಿ? ಹೊಲದಾಗ ಇದ್ದೀನಿ. ನೀವೇ ಬರ್ರಿ."

"ನಡಿ ಅಕ್ಕಾ, ಮಂದಿ ಹೋಟೆಲಿಗಿ ಬರದಿದ್ರ ಹೋಟೆಲೇ ಮಂದೀ ಹಂತ್ಯಾಕ ಹೋಗ್ಲಿ" ಅಂತ ತಮ್ಮ ಕೊಪ್ಪರಿಗೆಯನ್ನು ಗೂಡ್ಸ್ ಆಟೊಕ್ಕೆ ಏರಿಸಿದ. ದಾರಿಯುದ್ದಕ್ಕೂ ಅದು ಉರುಳದಂತೆ ನಾನು ತಬ್ಬಿಕೊಂಡು ಕೂತೆ.

ಹೊಲದಲ್ಲಿ ಮಾವ ಬಾವಿಗೆ ಕೈಕಾಲು ತೊಳೆಯಲು ಹೋಗಿದ್ದ. ಬನ್ನಿ ಗಿಡದ ಕೆಳಗೆ ಅತ್ತೆ ಸಜ್ಜೆ ರೊಟ್ಟಿ, ಕಡುಬು, ದೊಡ್ಡ ಪಾತ್ರೆಯಲ್ಲಿ ಭಜ್ಜಿ ಜೋಡಿಸಿಟ್ಟಿದ್ದಳು. ಇದು ಎಣ್ಣೆಯಲ್ಲಿ ಕರಿಯುವ ಭಜಿಯಲ್ಲ, ಸಿಕ್ಕ ಸೊಪ್ಪು, ಹಸಿಕಾಳು, ತರಕಾರಿ ಎಲ್ಲ ಹಾಕಿ ಕಡಲೆಹಿಟ್ಟಿನಲ್ಲಿ ಕುದಿಸಿದ್ದು. ತಮ್ಮ ಆ ಪಾತ್ರೆಗೆ ಬಗ್ಗಿ ನೋಡಿದ. ನಾನು ಯಾವುದಕ್ಕೆ ಹೆದರುತ್ತೇನೋ ಆ ಹೊಳಪು ಅವನ ಕಣ್ಣಿಗೆ ಬಂತು. "ಬ್ಯಾಡೋ!" ಅನ್ನುವಷ್ಟರಲ್ಲಿ ನೂಡಲ್ಸ್ ಭಜ್ಜಿಯೊಳಗೆ ಇಳಿದು, ಸೌಟು ಎರಡು ಸುತ್ತು ತಿರುಗಿಯೂ ಆಗಿತ್ತು.

"ಅಯ್ಯೋ ನನ್ನಪ್ಪಾ, ಇನ್ನಾ ಚರಗ ಚೆಲ್ಲಿಲ್ಲೋ!" ಅತ್ತೆ ಬಾಯಿಗೆ ಸೆರಗು ಹಿಡಿದಳು.

ಮಾವ ಬಂದ. ಸೌಟೆತ್ತಿ ನೋಡಿದ. ನೂಡಲ್ಸ್ ಎಳೆ ಎಳೆಯಾಗಿ ಜೋತುಬಿತ್ತು. ಅವನ ಮುಖ ಕೆಂಪಾಯಿತು. ತಮ್ಮ ಹಾಲು ಚೆಲ್ಲಿದ ಅಂಗನವಾಡಿ ಮಗುವಿನಂತೆ ನಿಂತಿದ್ದ. ನನಗಂತೂ ಇಡೀ ವರ್ಷದ ದುಡಿತ ಒಂದು ಸೌಟಿಗೆ ಹೋಯಿತಲ್ಲ ಅನಿಸಿತು. ಕಡೆಗೆ ಅತ್ತೆಯೇ "ಭೂಮಿತಾಯಿಗಿ ಮಕ್ಕಳು ಮಾಡಿದ್ದೆಲ್ಲಾ ಒಂದೇ. ಹೊತ್ತು ಹೊಂಟದ, ಚೆಲ್ರಿ" ಅಂದಳು. ಮಾವ ಗೊಣಗುತ್ತ ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲಿ ಬಂದ. ತೊಗರಿ ಗಿಡಗಳ ಮೇಲೆಲ್ಲ ನೂಡಲ್ಸ್ ನೇತಾಡಿತು.

ಊಟಕ್ಕೆ ಕೂತೆವು. ಸುದ್ದಿ ಕೇಳಿ ಸುತ್ತಲ ಹೊಲದವರೆಲ್ಲ ನೋಡಲು ಬಂದರು. ಅವತ್ತು ಹೊಲಕ್ಕೆ ಬಂದವರನ್ನು ಉಣಿಸದೆ ಕಳಿಸುವಂತಿಲ್ಲ, ಅವರೂ ಒಲ್ಲೆ ಅನ್ನುವಂತಿಲ್ಲ. ಒಂದು ತುತ್ತು ಅಂತ ಕೂತವರು ಇನ್ನಷ್ಟು ಹಾಕಿಸಿಕೊಂಡರು. ಮಾವ ಮೂರನೇ ಸಲ ತಟ್ಟೆ ಮುಂದೆ ಮಾಡಿದ. ಪಾತ್ರೆ ಬರಿದಾಯಿತು.

ತಮ್ಮ ಅಳುಮೋರೆಯಲ್ಲಿ ಮಾವನ ಮುಂದೆ ಕೈಕಟ್ಟಿ ನಿಂತ. "ತಪ್ಪಾತು ಮಾಮಾ. ನಾಳಿಂದ ಅಂಗಡಿಗಿ ಬರ್ತೀನಿ."

ಮಾವ ಬೆರಳು ನೆಕ್ಕುವುದನ್ನು ನಿಲ್ಲಿಸಿದ. ಬರಿದಾದ ಪಾತ್ರೆ ನೋಡಿದ, ಅಳಿಯನನ್ನು ನೋಡಿದ, ಗಾಬರಿಯಿಂದ ಎರಡೂ ಕೈ ಜೋಡಿಸಿದ.

"ಬ್ಯಾಡೋ ಎಪ್ಪಾ! ನನ್ನ ಅಂಗಡ್ಯಾಗ ಬ್ಯಾಳಿ ಬ್ಯಾರೆ ಚೀಲದಾಗ ಅದ, ಸಕ್ಕರಿ ಬ್ಯಾರೆ ಚೀಲದಾಗ ಅದ, ಖಾರಪುಡಿ ಬ್ಯಾರೆ ಡಬ್ಬ್ಯಾಗ ಅದ. ನೀ ಬಂದು ಕುಂತ್ರ ಸಂಜಿ ಆಗೋದ್ರಾಗ ಎಲ್ಲಾ ಕೂಡಿಸಿ ಇಡ್ತಿ. ನೀ ಹೋಟೆಲಿನಾಗೇ ಇರು, ನಿನ್ನ ಕಾಲು ಹಿಡೀತೀನಿ, ನನ್ನ ಅಂಗಡಿ ಕಡಿ ಹಾಯಬ್ಯಾಡ!"