ಸುದ್ದಿ ಕಿವಿಗೆ ಬೀಳೂತನಕ

ಕ್ವಾಂಟಮ್ ಫಿಸಿಕ್ಸ್ ಕಲಿಸಾವನ ಬಾಯಾಗ ಒಂದು ಮಾತೂ ನೆಟ್ಟಗ ಬರಂಗಿಲ್ರಿ. ಬಂದ್ರ ಎಲ್ಲೆರೆ ಎಡವಟ್ಟಾಗೂದ. ನನ್ನ ನಿಶ್ಚಯ ಆಗೂತನಕ ಆದದ್ದು ಕೇಳ್ರಿ. ವಯಸ್ಸು ಮೂವತ್ತೆಂಟು, ಕುಷ್ಟಗಿ ಕಾಲೇಜಿನ್ಯಾಗ ಅತಿಥಿ ಉಪನ್ಯಾಸಕ, ನಾಕು ಸಂಬಂಧ ಮುರದು ಹೋಗಿದ್ವು. ಇದೂ ಕೈ ಬಿಟ್ರ ಮುಗೀತು ಅಂತ ಭಾಳ ಅಂಜಿದ್ದೆ.

೧. ಮಾವನ ಪ್ರಶ್ನೆ

ಯಲಬುರ್ಗಾಕ್ಕ ಕನ್ಯಾ ನೋಡಾಕ ಹೋದಾಗ ಆಕಿ ಅಪ್ಪ ಕೇಳಿದ್ರು, "ಏನ್ ಕಲಸ್ತೀರಿ?"

"ಎಲೆಕ್ಟ್ರಾನಿಗೆ ನಾವು ನೋಡೂತನಕ ಇಂಥಾದ್ದ ಜಾಗ ಅಂತ ಇರಂಗಿಲ್ಲ ಅಂತ್ರಿ."

ಅವರು ಅವಲಕ್ಕಿ ಚಮಚ ಕೆಳಗಿಟ್ರು. "ನಿಮ್ಮ ನೌಕರಿನಾದ್ರೂ ಐತ್ರೀ?"

"ಈ ವರ್ಷದ ನೇಮಕಾತಿ ಆರ್ಡರ್ ಬರೂತನಕ ಐತಿ ಅನ್ನಾಕೂ ಬರಂಗಿಲ್ರಿ, ಇಲ್ಲ ಅನ್ನಾಕೂ ಬರಂಗಿಲ್ರಿ."

ಅವ್ವ ನನ್ನ ಕಾಲು ತುಳಿದ್ಲು. ಅವರು ಒಳಗ ಮುಖಾ ಮಾಡಿ, "ಚಹಾ ಇಡಬ್ಯಾಡ್ರಿ" ಅಂದ್ರು.

೨. ಜೋಡಿ ಕಣ

ಆದ್ರೂ ಹುಡುಗಿ ಒಪ್ಪಿದ್ಲು. ಫೋನಿನ್ಯಾಗ, "ಏನರೆ ಛಲೋದು ಮಾತಾಡ್ರಿ" ಅಂದ್ಲು. ನಾ ಒಂದಕ್ಕೊಂದು ಗಂಟುಬಿದ್ದ ಜೋಡಿ ಕಣದ ಸುದ್ದಿ ತಗದೆ. ಒಂದು ಕುಷ್ಟಗ್ಯಾಗ, ಒಂದು ಯಲಬುರ್ಗಾದಾಗ ಇದ್ರೂ ಇಲ್ಲಿದನ್ನ ಅಳದ್ರ ಅಲ್ಲಿದರ ಉತ್ತರ ಇದಕ್ಕ ಹೊಂದಿಕೊಂಡಿರತೈತಿ. ಹಂಗಂತ ಬೆಳಕಿಗಿಂತ ಜೋರಾಗಿ ಸುದ್ದಿ ಕಳಸಾಕ ಆಗಂಗಿಲ್ಲ. ಅಳತಿ ಮಾಡೂ ಮೊದಲ ಉತ್ತರ ಇತ್ತೋ ಇಲ್ಲೋ, ಅದ ಜಗಳ.

"ಹಂಗಾರ ನಾ ಕೇಳೂ ಮೊದಲ ನಿಮ್ಮ ಮನಸಿನ್ಯಾಗ ನಾ ಇದ್ದಿಲ್ರೀ?"

'ಇದ್ದಿ' ಅಂದಿದ್ರ ಮುಗೀತಿತ್ತು. "ಅದರಾಗ ವಿಜ್ಞಾನಿಗಳಿಗೆ ಇನ್ನೂ ಒಮ್ಮತ ಇಲ್ಲ" ಅಂದೆ.

ಮೂರು ದಿನ ಆಕಿ ಫೋನ್ ಎತ್ತಲಿಲ್ಲ.

೩. ಸೂತಕ

ನಾಕನೇ ದಿನ ಆಕಿನ ಫೋನ್ ಮಾಡಿ ಹೂಂ ಅಂದ್ಲು; ನಿಶ್ಚಯ ನಮ್ಮ ಮನ್ಯಾಗ ಅಂತ ಆತು. ತಳಕಲ್ಲಿನ ದೊಡ್ಡಪ್ಪ ವಾರದಿಂದ ಹಾಸಿಗಿ ಹಿಡದಿದ್ರು. ಅವರು ಹೋದ್ರ ನಮಗ ಸೂತಕ, ಶುಭಕಾರ್ಯ ನಿಂತಂಗ. ಹೆಣ್ಣಿನವರು ಪಡಸಾಲ್ಯಾಗ ಬಂದು ಕುಂತಾರ, ಅಷ್ಟರಾಗ ದೊಡ್ಡಪ್ಪನ ಮನ್ಯಾಗಿನ ಮೊಬೈಲ್ ನಂಬರಿನಿಂದ ಫೋನ್ ಬಡಕೊಳ್ಳಾಕ ಹತ್ತಿತು. ಅವ್ವ ಕಸಗೊಂಡು ಜ್ವಾಳದ ಚೀಲದಾಗ ತುರುಕಿದ್ಲು.

"ಯವ್ವಾ, ಹೋಗಿದ್ರ ಹೋಗ್ಯಾರ. ನಾವು ಕೇಳಿದ್ರೇನು, ಬಿಟ್ರೇನು?"

"ಸೂತಕ ಕಿವಿಗೆ ಬಿದ್ದಾಗಿಂದ. ಸುದ್ದಿ ಇನ್ನೂ ದಾರ್ಯಾಗ ಐತಿ. ಅಲ್ಲೀತನಕ ಅವರು ಸತ್ತೂ ಇಲ್ಲ, ಬದುಕೂ ಇಲ್ಲ. ಸುಮ್ನ ಉಂಗುರ ಹಾಕು!"

ನಾ ಇಷ್ಟು ವರ್ಷ ಓದಿದ್ದನ್ನ ಅವ್ವ ಒಂದ ಉಸರಿನ್ಯಾಗ ಮುಗಿಸಿದ್ಲು. ಚೀಲ ಒದರಕೋತನ ಇತ್ತು. ಉಂಗುರ ಎರಡು ಸಲ ಜಾರಿತು. ಕಡೀಕ ಹುಡುಗಿನ ನನ್ನ ಕೈ ಹಿಡದು ಬೆರಳು ತೂರಿಸಿದ್ಲು.

ಊಟ ಮುಗದ ಮ್ಯಾಲೆ ಅವ್ವ ಅಳಾಕ ತಯಾರಾಗಿ, ಸೆರಗು ಬಾಯಿಗಿಟ್ಟುಕೊಂಡು ಚೀಲದಾಗಿನ ಫೋನ್ ತಗದು ಎತ್ತಿದ್ಲು. ಆ ಕಡೆ ದೊಡ್ಡಪ್ಪನ ಧ್ವನಿ.

"ಜ್ವರ ಇಳೀತಂತ ಬಂದು ಮುಂಜಾನಿಂದ ಕುಷ್ಟಗಿ ಬಸ್ ಸ್ಟ್ಯಾಂಡಿನ್ಯಾಗ ನಿಂತೀನಿ. ಒಬ್ರೂ ಫೋನ್ ಎತ್ತವಲ್ರು! ನಿಮ್ಮನ್ಯಾಗ ಯಾರರೆ ಸತ್ತಾರೇನು?"