ಬೀಗರೂಟದಲ್ಲಿ ಕಲ್ಯಾಣ ರಾಜ್ಯ

ನಿಮ್ಮ ಮನೆಯಲ್ಲಿ ಮದುವೆ ಇದೆಯೇ? ಯಾರನ್ನು ಬೇಕಾದರೂ ಕರೆಯಿರಿ, ನಮ್ಮ ಚಿಕ್ಕಪ್ಪನನ್ನು ಮಾತ್ರ ಕರೆಯಬೇಡಿ! ಕರೆದರೂ ಊಟದ ಉಸ್ತುವಾರಿ ಕೊಡಬೇಡಿ. ಕೊಟ್ಟು ಕೆಟ್ಟವರ ಮನೆಯ ಮಗಳು ನಾನು, ನನ್ನ ಮಾತು ನಂಬಿ.

ಚಿಕ್ಕಪ್ಪ ಅರ್ಥಶಾಸ್ತ್ರದ ಪ್ರೊಫೆಸರ್. ಕಲ್ಯಾಣ ರಾಜ್ಯ, ಜಾಗತೀಕರಣ, ಅಸಮಾನತೆ ಎಂದು ತಲೆದಿಂಬಿನಷ್ಟು ದಪ್ಪದ ಪುಸ್ತಕ ಬರೆದಿದ್ದಾರೆ. ನಮ್ಮ ವಂಶದಲ್ಲಿ ಅದನ್ನು ಓದಿದವರಿಲ್ಲ. ಅಜ್ಜಿ ಮಾತ್ರ ಉಪ್ಪಿನಕಾಯಿ ಜಾಡಿಯ ಮೇಲೆ ಭಾರಕ್ಕಿಟ್ಟು ಸದುಪಯೋಗ ಮಾಡಿಕೊಂಡಿದ್ದರು. ಮದುವೆಯಾಗದ ಚಿಕ್ಕಪ್ಪನಿಗೆ ಸ್ವೀಡನ್ ದೇಶವೇ ಅತ್ತೆಮನೆ. ಮಾತೆತ್ತಿದರೆ ಅಲ್ಲಿಯ ಸುದ್ದಿ. "ಅಲ್ಲಿ ಮಗು ಹುಟ್ಟಿದ್ರೆ ಅಪ್ಪಂಗೂ ರಜ ಕೊಡ್ತಾರೆ ಕಣಣ್ಣ" ಎಂದು ಮಂಡ್ಯದ ಮನೆಯ ಜಗುಲಿಯಲ್ಲಿ ಕೂತು ಹೇಳಿದರೆ ನಮ್ಮಪ್ಪ, "ನಮ್ಮಲ್ಲಿ ಅಪ್ಪಂದ್ರು ವರ್ಸವೆಲ್ಲಾ ರಜದಲ್ಲೇ ಅವ್ರೆ, ಸುಮ್ಕಿರ್ಲಾ" ಎನ್ನುತ್ತಿದ್ದರು.

ಚಿಕ್ಕಪ್ಪನ ಜೊತೆ ಮದ್ದೂರಿನಲ್ಲಿ ವಡೆ ತಿನ್ನುವುದೂ ಒಂದು ಶಿಕ್ಷೆ. ವಡೆಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಾ, "ನೋಡಯ್ಯಾ, ಈ ಎಣ್ಣೆ ಇಂಡೋನೇಷ್ಯಾದ್ದು. ಅಲ್ಲಿ ಮಳೆ ಹೆಚ್ಚಾದ್ರೆ ಇಲ್ಲಿ ನಿನ್ನ ವಡೆ ಸಣ್ಣದಾಗುತ್ತೆ. ಇದೇ ಜಾಗತೀಕರಣ" ಎಂದು ಅಂಗಡಿಯವನಿಗೆ ಪಾಠ ಶುರುಮಾಡಿದರು. ಅವನು ಕೈ ನಿಲ್ಲಿಸದೆ ಹೇಳಿದ: "ಸಾ, ಇಂದ್ಗಡೆ ಜನ ನಿಂತವ್ರೆ. ವಡೆ ತಗತೀರೋ, ಇಂಡೋನೇಸ್ಯಾಕ್ಕೆ ಓಯ್ತೀರೋ?"

ಇಲ್ಲಿಯವರೆಗೆ ನಾನೂ ನಿಮ್ಮ ಹಾಗೆ ನಗುತ್ತಿದ್ದೆ. ಆಮೇಲೆ ನನ್ನ ಮದುವೆಯಾಯಿತು.

ನಮ್ಮ ಕಡೆ ತಾಳಿ ಕಟ್ಟಿದ ಮಾತ್ರಕ್ಕೆ ಮದುವೆ ಮುಗಿಯುವುದಿಲ್ಲ. ಹೆಣ್ಣಿನ ಮನೆಯವರು ಗಂಡಿನ ಕಡೆಯವರನ್ನು ಕರೆದು ಬಾಡೂಟ ಹಾಕಬೇಕು. ಅದೇ ಬೀಗರೂಟ. ಮೊದಲ ಪಂಕ್ತಿ ಬೀಗರದು, ಒಳ್ಳೊಳ್ಳೆಯ ತುಂಡುಗಳೆಲ್ಲ ಅವರ ಎಲೆಗೇ. ಗಂಡಿನ ಸೋದರಮಾವನ ಮುಂದಂತೂ ಬಕೆಟ್ ಹಿಡಿದವನು ಕದಲುವಂತಿಲ್ಲ. ತಮಟೆಯವರು, ಶಾಮಿಯಾನದವರು, ಡ್ರೈವರುಗಳು ಕೊನೆಗೆ ಕೂರುವಷ್ಟರಲ್ಲಿ ಬಕೆಟ್ಟಿನಲ್ಲಿ ಬರೀ ಸಾರು. ಇದನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಸಹಿಸದವರು ನಮ್ಮ ಚಿಕ್ಕಪ್ಪ ಒಬ್ಬರೇ!

ನಿಡಘಟ್ಟದ ಹತ್ತಿರದ ನಮ್ಮ ತೋಟದಲ್ಲಿ ಚಪ್ಪರ. ಅಪ್ಪ ಮೈಮರೆತು ಉಸ್ತುವಾರಿಯನ್ನು ತಮ್ಮನಿಗೆ ವಹಿಸಿದ್ದರು. ಮಳವಳ್ಳಿಯಿಂದ ಬೀಗರ ಬಸ್ಸು ಬಂತು. ನಾನೂ ನನ್ನ ಗಂಡನೂ ಅದರಲ್ಲೇ ಬಂದಿಳಿದೆವು. ಚಪ್ಪರದ ಬಾಗಿಲಲ್ಲಿ ಚಿಕ್ಕಪ್ಪ ಪನ್ನೀರಿನ ಬದಲು ಒಂದು ಪ್ಲಾಸ್ಟಿಕ್ ಡಬ್ಬ ಹಿಡಿದು ನಿಂತಿದ್ದರು!

"ಬನ್ನಿ, ಚೀಟಿ ಎತ್ತಿ. ಬಂದ ನಂಬರಿನ ಪಂಕ್ತಿಯಲ್ಲಿ ಕೂತ್ಕೊಳ್ಳಿ. ಯಾವ ಪಂಕ್ತಿ ಸಿಗುತ್ತೋ ಗೊತ್ತಿಲ್ಲದಾಗ ಮಾತ್ರ ಮನುಷ್ಯ ಎಲ್ಲಾ ಪಂಕ್ತಿಗೂ ನ್ಯಾಯ ಕೇಳ್ತಾನೆ."

ಬೀಗರು ಇದೇನೋ ಆಟವೆಂದು ನಗುನಗುತ್ತಾ ಎತ್ತಿದರು. ತಮಟೆಯವನಿಗೆ ಮೊದಲ ಪಂಕ್ತಿ ಬಂತು. ಪಾಪ, ಅವನು ಹೆದರಿ ಹೋದ. "ಬ್ಯಾಡಿ ಬುದ್ದಿ, ನಾನು ಆಮ್ಯಾಕೆ ಉಣ್ತೀನಿ" ಎಂದು ಕೈಮುಗಿದ. ನನ್ನ ಗಂಡನ ಸೋದರಮಾವ ಚೀಟಿ ಬಿಚ್ಚಿ ನೋಡಿ ಕೆಂಪಾದರು.

"ನಾನ್ಯಾರು ಗೊತ್ತೇನ್ರೀ?"

"ಗೊತ್ತು. ಮೂರನೇ ಪಂಕ್ತಿ."

ಅಡುಗೆಯವನು ಬಕೆಟ್ ಹಿಡಿದೇ ಓಡಿ ಬಂದ. "ಸಾ, ಬೀಗ್ರು ಕಣ್ಸಾ!"

"ಬೀಗ್ರಾದ್ರೆ ಎರಡು ಹೊಟ್ಟೆ ಐತೇನಯ್ಯಾ? ಎಲೆಗೆ ಎರಡೇ ತುಂಡು. ಮುಖ ನೋಡಬ್ಯಾಡ, ಎಲೆ ನೋಡು."

ಸೋದರಮಾವ ಚೀಟಿಯನ್ನು ಹರಿದೆಸೆದು, "ನಡೀರ್ಲಾ, ಬಸ್ಸತ್ರಿ!" ಎಂದರು. ಅಪ್ಪ ಅಡ್ಡ ನಿಂತು ಕಾಲು ಹಿಡಿದರೂ ನಿಲ್ಲಲಿಲ್ಲ. ಬೀಗರು ಬಂದ ಬಸ್ಸಿನಲ್ಲೇ ಉಪವಾಸ ಮಳವಳ್ಳಿಗೆ ಹೊರಟರು. ಹೊಸ ಸೀರೆಯುಟ್ಟುಕೊಂಡು ನಾನೂ ಅದೇ ಬಸ್ಸಿನಲ್ಲಿ ಕೂತಿದ್ದೆ. ಎಲ್ಲಿಗೆ ಹೋಗಲಿ ಹೇಳಿ? ನನ್ನ ಮನೆ ಆಗ ಅದಾಗಿತ್ತಲ್ಲ!

ಆ ಮನೆಯಲ್ಲಿ ನನಗೆ ಹೊಸ ಹೆಸರು ಬಿತ್ತು: ಎರಡು ತುಂಡಿನ ಮನೆಯವಳು. ಬಾಡು ಬೇಯಿಸುವವಳು ನಾನು. ಬಡಿಸುವವರು ಅತ್ತೆ. ಎಲ್ಲರೂ ಉಂಡೆದ್ದ ಮೇಲೆ ನನ್ನ ತಟ್ಟೆಗೆ ಒಂದು ಸೌಟು ಸಾರು ಹುಯ್ದು, "ನಿಮ್ಮೋರ್ಗೆ ಎಲ್ಲಾ ಸಮ ಅಲ್ವಾ ಕಣಮ್ಮ? ಸಾರೂ ಒಂದೇ, ತುಂಡೂ ಒಂದೇ" ಎನ್ನುತ್ತಿದ್ದರು. ಗಂಡ ಕೈ ತೊಳೆಯಲು ಹೊರಗೆ ಹೋಗಿರುತ್ತಿದ್ದ. ಎಷ್ಟು ಹೊತ್ತು ತೊಳೆಯುತ್ತಿದ್ದನೋ! ಚಿಕ್ಕಪ್ಪ ಅಸಮಾನತೆಯ ಬಗ್ಗೆ ಪುಸ್ತಕ ಬರೆದರು, ನಾನು ಅದನ್ನು ಉಂಡೆ.

ಒಂದು ದಿನ ತಡೆಯಲಾರದೆ ಫೋನು ಮಾಡಿ ಅಂದೇಬಿಟ್ಟೆ: "ಚಿಕ್ಕಪ್ಪಾ, ನಿಮ್ಮ ಸ್ವೀಡನ್ ಬೇಯ್ತಿರೋದು ನನ್ನ ಒಲೆ ಮೇಲೆ." ಅಷ್ಟು ಹೇಳಿ ಫೋನು ಇಟ್ಟುಬಿಟ್ಟೆ.

ಯುಗಾದಿಯ ಮಾರನೆಯ ದಿನ ಹೊಸತೊಡಕು, ಮನೆಮನೆಯಲ್ಲೂ ಬಾಡು. ಅವತ್ತು ಚಿಕ್ಕಪ್ಪ ಮಳವಳ್ಳಿಯ ಬಸ್ಸಿಳಿದು, ವೀಳ್ಯದೆಲೆ ಹಣ್ಣು ಹಿಡಿದು ನಮ್ಮ ಬಾಗಿಲಿಗೆ ಬಂದರು. ಕರೆದವರಿಲ್ಲ, ಕೂರಿ ಎಂದವರಿಲ್ಲ. ಹಬ್ಬದೂಟಕ್ಕೆ ಬಂದಿದ್ದ ಸೋದರಮಾವನ ಮುಂದೆ ಅವನ್ನಿಟ್ಟು, "ತಪ್ಪಾಯ್ತು ಬೀಗ್ರೇ" ಎಂದರು. ಆಮೇಲೆ ಅತ್ತೆಯ ಕೈಯಿಂದ ಸೌಟು ಕೇಳಿ ಪಡೆದು, ಸೊಂಟಕ್ಕೆ ಟವೆಲ್ ಸುತ್ತಿ ತಾವೇ ಬಡಿಸಿದರು. ಸೋದರಮಾವನ ಎಲೆಗೆ ದೊಡ್ಡ ತುಂಡುಗಳನ್ನು ಹುಡುಕಿ ಹುಡುಕಿ ಹಾಕಿದರು. "ಇನ್ನೊಂದು ಆಕುಸ್ಕಳಿ ಬೀಗ್ರೇ, ಸಂಕೋಚ ಬ್ಯಾಡಿ." ಅವರು ಮೀಸೆ ಒರೆಸಿಕೊಳ್ಳುತ್ತಾ, "ಈಗ ಬಂತು ನೋಡಿ ಪ್ರೊಫೆಸರಿಗೆ ಬುದ್ದಿ" ಎಂದರು. ಎಲ್ಲರೂ ನಕ್ಕರು. ನಾನು ಬಯಸಿದ್ದು ಇದನ್ನೇ ಅಲ್ಲವೇ? ನೋಡಲಾಗಲಿಲ್ಲ. ಅಡುಗೆಮನೆಗೆ ಹೋಗಿ ನಿಂತುಕೊಂಡೆ.

ಪಾತ್ರೆಯಿಡುವ ನೆಪದಲ್ಲಿ ಅವರು ಒಳಗೆ ಬಂದಾಗ ಸಿಟ್ಟಿನಿಂದ ಕೇಳಿದೆ: "ಹಂಗಾದ್ರೆ ನೀವು ಬರೆದಿದ್ದೆಲ್ಲಾ ಸುಳ್ಳಾ?"

"ಸುಳ್ಳಲ್ಲ ಕಣವ್ವಾ. ಇವತ್ತೂ ಅದೇ ನಿಜ" ಎಂದರು ಚಿಕ್ಕಪ್ಪ. "ಆದ್ರೆ ನ್ಯಾಯ ಮಾಡ್ತೀನಿ ಅಂತ ನಿಂತೋನು ನಾನು, ಅದಕ್ಕೆ ಸಿಕ್ಕಾಕ್ಕೊಂಡೋಳು ನೀನು. ಅದೊಂದು ನಂಗೆ ಹೊಳೀಲೇ ಇಲ್ಲ."

ಟವೆಲ್ಲಿನಿಂದ ಕೈ ಒರೆಸಿಕೊಳ್ಳುತ್ತಾ ಅವರು ನನ್ನ ಮುಖ ನೋಡಿದರು.

"ನೀನು ಉಂಡ್ಯಾ ಮಗಾ?"

ಆ ಮನೆಗೆ ಕಾಲಿಟ್ಟ ಮೇಲೆ ನನ್ನನ್ನು ಹಾಗೆ ಕೇಳಿದವರು ಅವರೊಬ್ಬರೇ.