ಬೀದಿಯ ಮಗ್ಗ ನಿಲ್ಲಿಸಿದ ರಾಜ

ಒಂದಾನೊಂದು ಊರಲ್ಲಿ ಒಬ್ಬ ರಾಜನಿದ್ದ. ಅವನಿಗೊಂದು ರಥವಿತ್ತು, ರಥಕ್ಕೊಂದು ಕಾಯಿಲೆಯಿತ್ತು. ಊರು ದೊಡ್ಡಬಳ್ಳಾಪುರ. ರಾಜನ ಪೂರ್ತಿ ಹೆಸರು ಕಾಂತರಾಜು, ತಾಲ್ಲೂಕು ಕಚೇರಿಯಲ್ಲಿ ಕಂಪ್ಯೂಟರ್ ಕುಟ್ಟುವ ಕೆಲಸ. ರಥವೆಂದರೆ ಮೂರು ಕೈ ದಾಟಿ ಬಂದ ಬಿಳಿ ಕಾರು. ಕಾಯಿಲೆ ಮಾತ್ರ ಹೊಸದು. ನಿನ್ನೆ ಸಂಜೆ ರೈಲ್ವೆ ಗೇಟಿನ ಹತ್ತಿರ, ಒಳಗಿಂದ ಯಾರೋ ಬಾಗಿಲು ಬಡಿದಂತೆ ಎಂಜಿನ್ನು 'ಟಕ್ ಟಕ್ ಟಕ್' ಎನ್ನತೊಡಗಿತ್ತು.

ಕಾರು ತಂದ ದಿನವೇ ಅವನು ಅಜ್ಜಿ ಪಾಪಮ್ಮನಿಗೆ ಮಾತು ಕೊಟ್ಟಿದ್ದ, ಘಾಟಿ ಸುಬ್ರಹ್ಮಣ್ಯಕ್ಕೆ ಕರೆದೊಯ್ಯುತ್ತೇನೆಂದು. ಎಂಟು ತಿಂಗಳಾಗಿತ್ತು. ಘಾಟಿಗೆ ಹೋಗದೆ ಆ ಕಾರಿನಲ್ಲಿ ಬೇರೆಲ್ಲಿಗೂ ಬರುವುದಿಲ್ಲವೆಂದು ಅಜ್ಜಿ ಹಟ ಹಿಡಿದಿದ್ದಳು. ಇವತ್ತು ಮಂಗಳವಾರ, ಕಾಂತರಾಜು ರಜೆ ಹಾಕಿದ್ದ. ಅಜ್ಜಿ ಬೆಳಗ್ಗೆಯೇ ರೇಷ್ಮೆ ಸೀರೆಯುಟ್ಟು, ಹಣ್ಣುಕಾಯಿ ಬುಟ್ಟಿ ಹಿಡಿದು ಜಗಲಿಯ ಮೇಲೆ ಕೂತುಬಿಟ್ಟಿದ್ದಳು.

"ಹನ್ನೊಂದಕ್ಕೆ ಬಸ್ಸಿದೆ ಕಣೋ. ಅಷ್ಟರೊಳ್ಗೆ ನಿನ್ ಕಾರು ಹೊರಟ್ರೆ ಸರಿ. ಇಲ್ದಿದ್ರೆ ಬಸ್ಸಲ್ಲಿ ಹೋಗ್ತೀನಿ. ಆಮೇಲೆ ಈ ಜನ್ಮದಲ್ಲಿ ಇದನ್ನ ಹತ್ತಲ್ಲ."

"ಬಿಡಜ್ಜಿ, ನಾನೇ ರಿಪೇರಿ ಮಾಡ್ತೀನಿ. ಫೋನಲ್ಲಿ ಎಲ್ಲಾ ತೋರಿಸ್ತಾರೆ."

"ಎಣ್ಣೆ ನೋಡಿದ್ಯಾ?"

"ಇದು ಮಗ್ಗ ಅಲ್ಲಜ್ಜಿ, ಕಾರು!"

ನಲವತ್ತು ವರ್ಷ ಮಗ್ಗದ ಮುಂದೆ ನಿಂತಿದ್ದ ಅಜ್ಜಿ ಎಲೆಗೆ ಸುಣ್ಣ ಸವರಿದಳು.

ಫೋನಿನ ವಿಡಿಯೋದವನು ಹೇಳಿದ: "ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ. ಸದ್ದು ಎಲ್ಲಿಂದ ಬರುತ್ತಿದೆಯೆಂದು ತಿಳಿಯುತ್ತದೆ. ಸುತ್ತ ನಿಶ್ಶಬ್ದವಿರಲಿ."

ನಿಶ್ಶಬ್ದ! ನೇಕಾರರ ಬೀದಿಯಲ್ಲಿ! ಮೂರು ಮನೆಯ ಪವರ್‌ಲೂಮ್‌ಗಳು ನೆಲ ನಡುಗುವಂತೆ ಕುಟ್ಟುತ್ತಿದ್ದವು. ಕಾಂತರಾಜು ಕಿವಿಯಿಟ್ಟರೆ ಎಂಜಿನ್ನಿನೊಳಗೂ ಪಕ್ಕದ ಮನೆ ಅಪ್ಪಯ್ಯಣ್ಣನ ಮಗ್ಗವೇ ಕೇಳಿಸಿತು. ದಿನಕ್ಕೆ ನಾಲ್ಕು ಸಲ ಹೇಳದೆ ಕೇಳದೆ ಎದ್ದು ಹೋಗುವ ಕರೆಂಟು, ಇವತ್ತು ಮಾವನ ಮನೆಗೆ ಬಂದ ಹೊಸ ಅಳಿಯನ ಹಾಗೆ ಭದ್ರವಾಗಿ ಕೂತಿತ್ತು.

"ಅಪ್ಪಯ್ಯಣ್ಣ, ಐದು ನಿಮಿಷ ಮಗ್ಗ ನಿಲ್ಸಣ್ಣ," ಎಂದು ಕೂಗಿದ.

"ಐದ್ ನಿಮಿಷ ಅಂದ್ರೆ ಒಂದ್ ಗೇಣು ಸೀರೆ ಕಣೋ! ಅದು ಬೆಲ್ಟ್ ಹೋಗಿರತ್ತೆ, ಕೇಳೋದೇನಿದೆ?" ಎಂದ ಅಪ್ಪಯ್ಯಣ್ಣ, ಅಜ್ಜಿಯ ಬುಟ್ಟಿಯತ್ತ ಇಣುಕಿ ದನಿ ಮೆತ್ತಗೆ ಮಾಡಿದ. "ಘಾಟಿಗಾ? ನಂಗೂ ನಿಮ್ಮತ್ತಿಗೇಗೂ ಜಾಗ ಕೊಡ್ತೀಯಾ ಹೇಳು, ಈಗ್ಲೇ ನಿಲ್ಸ್ತೀನಿ."

"ಕೊಟ್ಟೆ."

ಎದುರು ಮನೆ ಆದಿಲಕ್ಷ್ಮಮ್ಮನ ಪ್ರಕಾರ ಕಾರಿಗೆ ಆಗಿದ್ದು ದೃಷ್ಟಿ. "ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣಿಡು. ಮಗ್ಗ ನಿಲ್ಸ್ಬೇಕಾದ್ರೆ ನಾನೂ ಬರ್ತೀನಿ. ಕಿಟಕಿ ಪಕ್ಕ ಆಗ್ಬೇಕಪ್ಪಾ, ನಂಗೆ ವಾಂತಿ."

"ಕಿಟಕಿ ನಿಮ್ದೇ ಅಕ್ಕ."

ಕೊನೆಯ ಮನೆಯಲ್ಲಿ ತಾಯಿಯ ಮಗ್ಗ ನೋಡಿಕೊಳ್ಳುತ್ತಿದ್ದ ನವ್ಯಶ್ರೀ ಕೈಕಟ್ಟಿ ನಿಂತಳು. "ನಂಗೆ ಸೀಟ್ ಬೇಡ ಗುರು, ಸ್ಟೇರಿಂಗ್ ಬೇಕು. ಲೈಸೆನ್ಸ್ ಬಂದು ಎರಡು ತಿಂಗಳಾಯ್ತು. ಓಡ್ಸಕ್ಕೆ ನಮ್ಮನೇಲಿರೋದು ಮಗ್ಗ ಒಂದೇ."

ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು. "ಆಯ್ತು ತಾಯಿ, ನೀನೇ ಓಡ್ಸು!"

ಮೂರು ಮನೆಯ ಮಗ್ಗಗಳೂ ನಿಂತವು. ಸದ್ದಿನಲ್ಲೇ ಹುಟ್ಟಿ ಸದ್ದಿನಲ್ಲೇ ಮಲಗಿದ್ದ ಹಸುಗೂಸೊಂದು ಬೆಚ್ಚಿ ಎದ್ದು ಅಳತೊಡಗಿತು. ಕಾಂತರಾಜು ಎಂಜಿನ್ ಚಾಲೂ ಮಾಡಿ ಸ್ಕ್ರೂಡ್ರೈವರಿಗೆ ಕಿವಿಯಿಟ್ಟು, ನಾಡಿ ಹಿಡಿದ ಪಂಡಿತನಂತೆ ಕಣ್ಣು ಮುಚ್ಚಿದ. ಟಕ್ ಟಕ್ ಟಕ್. ಇಲ್ಲಿಂದಲೋ, ಅಲ್ಲಿಂದಲೋ?

"ಬಾಯಾರಿ ಅಳ್ತಿದೆ ಕಣೋ ನಿನ್ ಕಾರು," ಜಗಲಿಯ ಮೇಲಿಂದಲೇ ಅಜ್ಜಿ ಹೇಳಿದಳು. "ಎಣ್ಣೆ ಕಾಣದ ಮಗ್ಗಾನೂ ಹಿಂಗೇ ಕೂಗತ್ತೆ."

ಅವನು ಎಂಜಿನ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು, ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ನೋಡಿದ. ತುದಿಯಲ್ಲಿ ನೆಪಕ್ಕೊಂದು ಹನಿಯೂ ಇರಲಿಲ್ಲ. ಅಂಗಡಿಗೆ ಓಡಿ ಎಂಜಿನ್ ಆಯಿಲ್ ತಂದ, ಗೆರೆ ಮುಟ್ಟುವವರೆಗೂ ಸುರಿದ, ಮತ್ತೆ ಚಾಲೂ ಮಾಡಿದ. ಟಕ್ ಟಕ್... ಟಕ್... ಆಮೇಲೆ ಬರೀ ಗುರ್ ಎನ್ನುವ ಬೆಕ್ಕಿನ ನಿದ್ದೆ. ಬೀದಿ ಚಪ್ಪಾಳೆ ತಟ್ಟಿತು.

ಅಷ್ಟರಲ್ಲಿ ಅಪ್ಪಯ್ಯಣ್ಣನ ಮನೆಯ ಟ್ಯೂಬ್‌ಲೈಟು ಆರಿತು. ಕರೆಂಟು ಹೋಗಿತ್ತು.

"ಇನ್ನೊಂದ್ ಸ್ವಲ್ಪ ಕಾದಿದ್ರೆ ನಿಶ್ಶಬ್ದ ಬಿಟ್ಟಿ ಸಿಗ್ತಿತ್ತಲ್ಲೋ!" ಎಂದು ಅಪ್ಪಯ್ಯಣ್ಣ ಹೊಟ್ಟೆ ಹಿಡಿದು ನಕ್ಕ. "ಆದ್ರೂ ಮಾತು ಮಾತೇ ಅಲ್ವಾ?" ಎನ್ನುತ್ತ ಹೆಂಡತಿಯೊಂದಿಗೆ ಹಿಂದಿನ ಸೀಟು ಹತ್ತಿದ. ಆದಿಲಕ್ಷ್ಮಮ್ಮ ಕಿಟಕಿ ಹಿಡಿದಳು. ಅಜ್ಜಿ ಮುಂದೆ ಕೂತಳು. ನವ್ಯಶ್ರೀ ಸ್ಟೇರಿಂಗಿಗೆ ಕೈಮುಗಿದಳು.

ಎಣ್ಣೆಗೈ ಒರೆಸಿಕೊಂಡು ಬಂದ ಕಾಂತರಾಜು ಒಂದು ಸುತ್ತು ಹಾಕಿದ, ಎರಡು ಸುತ್ತು ಹಾಕಿದ. "ಮತ್ತೆ ನಾನು?"

ಅಜ್ಜಿ ಗಾಜು ಇಳಿಸಿದಳು. "ಹನ್ನೊಂದಕ್ಕೆ ಬಸ್ಸಿದೆ ಕಣೋ."

ನವ್ಯಶ್ರೀ ಎರಡನೇ ಗೇರಿನಿಂದ ಮೇಲೇರುವ ಧೈರ್ಯ ಮಾಡಲಿಲ್ಲ. ದಾರಿಯಲ್ಲಿ ಬಸ್ಸು ಕಾರನ್ನು ಹಿಂದೆ ಹಾಕಿತು. ನಿಂತುಕೊಂಡೇ ಬಂದ ಕಾಂತರಾಜು ಘಾಟಿಯ ದೇವಸ್ಥಾನದ ಮುಂದೆ ಇಪ್ಪತ್ತು ನಿಮಿಷ ಕಾದ ಮೇಲೆ ಅವನ ರಥ ಮೆಲ್ಲಗೆ ಬಂದು ನಿಂತಿತು. ಅವನೇ ಹೋಗಿ ಬಾಗಿಲು ತೆಗೆದ.

"ಒಂದ್ ಸದ್ದಿಲ್ಲ ಕಣೋ, ತೊಟ್ಲಲ್ಲಿ ಕೂತಂಗಿತ್ತು," ಎಂದು ಬುಟ್ಟಿಯನ್ನು ಅವನ ಕೈಗಿಟ್ಟು, ಅವನ ಹೆಗಲು ಹಿಡಿದು ಇಳಿದಳು ಅಜ್ಜಿ. "ಒಂದ್ಸಲ ನೀನೂ ಕೂತ್ ನೋಡು."

ಹಾಗೆಂದವಳೇ, ಎಂಟು ತಿಂಗಳ ಮೇಲೆ, ಬಲಗಾಲಿಟ್ಟು ಮೆಟ್ಟಿಲು ಹತ್ತಿದಳು.